ಗೋಡೆಯಾಚೆಯ ದನಿ

ಬೆಳಿಗ್ಗೆ ಏಳು ಗಂಟೆ ಇರಬೇಕು. ಗೋಡೆಯ ಆ ಕಡೆಯಿಂದ ಯಾರೋ ನರಳುವ ಸದ್ದು. ಮೊದಲು ಬಾಯಿ ಮುಚ್ಚಿಕೊಂಡು ‘ಮ್...’ ಎಂದು ಉದ್ದಕ್ಕೆ, ಆಮೇಲೆ ಬಾಯಿ ಬಿಟ್ಟು ‘ಮಾ, ಮೇ, ಮೀ’ ಎಂದು. ನಾನು ಕಾಫಿ ಲೋಟ ಹಿಡಿದುಕೊಂಡೇ ಮಗಳ ಕೋಣೆಯ ಬಾಗಿಲು ತಟ್ಟಿದೆ. “ಪಕ್ಕದ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಕಣೇ, ಒಂದು ಸಲ ಹೋಗಿ ವಿಚಾರಿಸಬಾರದೇ?” ಎಂದೆ. ಮಗಳು ಮುಸುಕಿನೊಳಗಿನಿಂದಲೇ, “ಅಮ್ಮಾ, ಅದು ಡ್ರಾಮಾ ಓದೋ ಹುಡುಗಿ. ದಿನಾ ಹಾಗೇ ಕೂಗ್ತಾಳೆ. ಗಂಟಲು ಹದ ಮಾಡ್ಕೊಳ್ತಾಳೆ ಅಷ್ಟೆ. ನೀನು ಕಾಫಿ ಕುಡಿ” ಅಂದಳು.

2025ರ ಬೇಸಿಗೆ ರಜೆಗೆ ಮಗಳು ಅಳಿಯನ ಮನೆಗೆಂದು ಕಾರ್ಡಿಫ್‌ಗೆ ಹೋಗಿದ್ದೆ. ನಾವೆಲ್ಲ ಇಂಗ್ಲೆಂಡ್ ಎಂದು ಒಂದೇ ಗಂಟಿನಲ್ಲಿ ಕಟ್ಟಿಡುವ ಬ್ರಿಟನ್ನಿನಲ್ಲಿ ವೇಲ್ಸ್ ಎಂಬ ಬೇರೆಯದೇ ನಾಡಿದೆ, ಅದಕ್ಕೆ ಬೇರೆಯದೇ ಭಾಷೆಯಿದೆ, ಕಾರ್ಡಿಫ್ ಅದರ ರಾಜಧಾನಿ ಎಂಬುದನ್ನು ನಾನು ಎಷ್ಟೋ ವರ್ಷ ಸಮಾಜ ಪಾಠ ಮಾಡಿದವಳಾದರೂ ಅಲ್ಲಿಗೆ ಹೋದ ಮೇಲೇ ಸರಿಯಾಗಿ ಅರ್ಥ ಮಾಡಿಕೊಂಡದ್ದು. ಬೋರ್ಡುಗಳೆಲ್ಲ ಎರಡು ಭಾಷೆಯಲ್ಲಿ. ರಸ್ತೆಯ ಮೇಲೆ ‘ನಿಧಾನ’ ಎನ್ನುವುದಕ್ಕೆ ‘ಆರವ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ನಾನು ಅದನ್ನು ನಮ್ಮ ‘ಆರಾಮ’ದ ದೂರದ ನೆಂಟ ಎಂದು ಲೆಕ್ಕ ಹಾಕಿಕೊಂಡೆ, ಭಾಷಾಶಾಸ್ತ್ರಜ್ಞರು ಕ್ಷಮಿಸಬೇಕು. 2021ರ ಜನಗಣತಿಯಲ್ಲಿ ವೆಲ್ಷ್ ಮಾತಾಡಬಲ್ಲೆವೆಂದು ಹೇಳಿಕೊಂಡವರು ನೂರಕ್ಕೆ ಹದಿನೆಂಟಕ್ಕಿಂತ ತುಸು ಕಡಿಮೆ. ಉಳಿದವರಿಗೆ ಅದು ಬೋರ್ಡಿನ ಮೇಲಿನ ಭಾಷೆ.

ಮಗಳ ಬಾಡಿಗೆ ಮನೆ ಇರುವುದು ಕತೇಸ್ ಎಂಬ ಬಡಾವಣೆಯಲ್ಲಿ. ಒಂದೇ ಗೋಡೆ ಹಂಚಿಕೊಂಡು ರೈಲು ಡಬ್ಬಿಗಳ ಹಾಗೆ ನಿಂತ ಹಳೆಯ ಮನೆಗಳು. ಒಂದು ಕಾಲಕ್ಕೆ ಸಂಸಾರಗಳಿದ್ದ ಆ ಮನೆಗಳಲ್ಲಿ ಈಗ ಐದಾರು ವಿದ್ಯಾರ್ಥಿಗಳು ಸೇರಿ ಸಂಸಾರ ಹೂಡಿರುತ್ತಾರೆ. ಕಸದ ಡಬ್ಬಿ ಯಾರು ಹೊರಗಿಡಬೇಕೆಂಬ ಜಗಳ ಬೀದಿಗೆಲ್ಲ ಕೇಳಿಸುತ್ತದೆ. ನಮ್ಮ ಗೋಡೆಯಾಚೆ ಇದ್ದವರಲ್ಲಿ ಈ ನಾಟಕದ ಹುಡುಗಿ ಒಬ್ಬಳು, ಟ್ರಂಬೋನ್ ಊದುವ ಹುಡುಗ ಒಬ್ಬ. ಆ ಹುಡುಗ ಪಾಪ, ರಾತ್ರಿ ಅಭ್ಯಾಸ ಮಾಡುವಾಗ ವಾದ್ಯದ ಬಾಯಿಗೆ ಬಿರಡೆಯಂಥದ್ದೊಂದನ್ನು ತುರುಕಿ ಊದುತ್ತಿದ್ದ. ಕೇಳಿದರೆ ನೆಗಡಿಯಾದ ಆನೆ ನೆನಪಾಗುತ್ತಿತ್ತು.

ಹುಡುಗಿಯ ಪರಿಚಯವಾದದ್ದು ಹಿತ್ತಲ ಗಿಡ್ಡ ಗೋಡೆಯ ಮೇಲಿಂದ. ನಾನು ಊರಿಂದ ಒಯ್ದಿದ್ದ ಕೋಡುಬಳೆಯನ್ನು ತಟ್ಟೆಯಲ್ಲಿಟ್ಟು ಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ಮೂರು ತಿಂದಳು. ಮೊದಲು ಅವರ ರೂಢಿಯಂತೆ ನನ್ನ ಹೆಸರು ಹಿಡಿದೇ ಕರೆದಳು. ನಾನು ಹೈಸ್ಕೂಲು ಮೇಡಂ ಎಂದು ಗೊತ್ತಾದ ಮೇಲೆ, ನಗುತ್ತಾ “ಹಾಗಾದರೆ ಮಿಸ್” ಅಂದಳು. ಅಲ್ಲಿಯ ಶಾಲೆಗಳಲ್ಲೂ ಮಕ್ಕಳು ಹಾಗೇ ಕರೆಯುವುದಂತೆ. ಏಳು ಸಮುದ್ರದಾಚೆ ಹೋದರೂ ಮಿಸ್ ಪಟ್ಟ ತಪ್ಪಲಿಲ್ಲ.

ಅವಳು ಉತ್ತರ ವೇಲ್ಸಿನ ಸ್ಲೇಟುಗಣಿಯ ಊರಿನವಳು. ಮನೆಮಾತು ವೆಲ್ಷ್. ಭಾನುವಾರ ರಾತ್ರಿ ಅಮ್ಮನ ಜೊತೆ ಫೋನಿನಲ್ಲಿ ಅದೇ ಭಾಷೆಯಲ್ಲಿ ಗಂಟೆಗಟ್ಟಲೆ ಮಾತು. ಅರ್ಥವಾಗದಿದ್ದರೂ ಯಾವಾಗ ಊಟದ ವಿಚಾರ, ಯಾವಾಗ ದುಡ್ಡಿನ ವಿಚಾರ ಎಂಬುದು ನನಗೆ ಗೋಡೆಯ ಈ ಕಡೆ ತಿಳಿಯುತ್ತಿತ್ತು. ಬೆಳಿಗ್ಗೆ ತರಗತಿ, ಮಧ್ಯಾಹ್ನದಿಂದ ರಾತ್ರಿಯವರೆಗೆ ತಾಲೀಮು, ಶನಿವಾರ ಕಾಫಿ ಅಂಗಡಿಯಲ್ಲಿ ಲೋಟ ತೊಳೆಯುವ ಕೆಲಸ. ಆ ಸಾಲಿನಲ್ಲಿ ವೇಲ್ಸಿನ ವಿಶ್ವವಿದ್ಯಾನಿಲಯಗಳ ಫೀಜು ವರ್ಷಕ್ಕೆ 9,250 ಪೌಂಡಿನವರೆಗೆ ಇತ್ತು. ನಮ್ಮ ಲೆಕ್ಕಕ್ಕೆ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಸರ್ಕಾರ ಸಾಲ ಕೊಡುತ್ತದೆ, ದುಡಿಯಲು ಶುರುಮಾಡಿದ ಮೇಲೆ ಮುರಿದುಕೊಳ್ಳುತ್ತದೆ. ನಟಿಯಾಗಿ ದುಡಿಮೆ ಎಂದು ಶುರುವಾಗುತ್ತದೆ ಎಂದು ಕೇಳಿದೆ. “ಅದು ಗೊತ್ತಿದ್ದರೆ ಲೋಟ ತೊಳೆಯುತ್ತಿರಲಿಲ್ಲ ಮಿಸ್” ಅಂದಳು.

ಅವಳು ಓದುತ್ತಿದ್ದುದು ರಾಯಲ್ ವೆಲ್ಷ್ ಕಾಲೇಜ್ ಆಫ್ ಮ್ಯೂಸಿಕ್ ಅಂಡ್ ಡ್ರಾಮಾದಲ್ಲಿ. ಸಂಗೀತ, ನಾಟಕಗಳನ್ನೇ ಪದವಿ ವಿಷಯವಾಗಿ ಕಲಿಸುವ ವೇಲ್ಸಿನ ರಾಷ್ಟ್ರೀಯ ಸಂಸ್ಥೆ ಅದು. 1949ರಲ್ಲಿ ಊರ ನಡುವಿನ ಕಾರ್ಡಿಫ್ ಕೋಟೆಯೊಳಗೆ ಸಂಗೀತ ಕಾಲೇಜಾಗಿ ಹುಟ್ಟಿದ್ದು, 1970ರ ದಶಕದಲ್ಲಿ ಬ್ಯೂಟ್ ಉದ್ಯಾನದ ಅಂಚಿಗೆ ಬಂತು. ‘ರಾಯಲ್’ ಸೇರಿದ್ದು 2002ರಲ್ಲಿ. 2007ರಲ್ಲಿ ಗ್ಲಾಮೋರ್ಗನ್ ವಿಶ್ವವಿದ್ಯಾನಿಲಯದ ತೆಕ್ಕೆಗೆ ಬಂತು. 2013ರಲ್ಲಿ ಆ ವಿಶ್ವವಿದ್ಯಾನಿಲಯವೇ ಇನ್ನೊಂದರ ಜೊತೆ ಸೇರಿ ಯೂನಿವರ್ಸಿಟಿ ಆಫ್ ಸೌತ್ ವೇಲ್ಸ್ ಆಯಿತು. ಕಾಲೇಜು ಮಾತ್ರ ತನ್ನ ಹೆಸರನ್ನೂ ಕಟ್ಟಡವನ್ನೂ ಬಿಟ್ಟುಕೊಟ್ಟಿಲ್ಲ, ಗಂಡನ ಮನೆಗೆ ಬಂದರೂ ತವರಿನ ಹೆಸರು ಬಿಡದ ಹೆಣ್ಣಿನ ಹಾಗೆ.

ನನಗೆ ಅಲ್ಲಿ ಹಿಡಿಸಿದ್ದು ಬಾಗಿಲು ತೆರೆದಿರುವ ರೀತಿ. ಉದ್ಯಾನದ ಕಡೆಗೆ ಪೂರಾ ಗಾಜಿನ ಗೋಡೆ. ಯಾರು ಬೇಕಾದರೂ ಒಳಗೆ ಹೋಗಿ ಕೂತು ಕಾಫಿ ಕುಡಿಯಬಹುದು. ಶುಕ್ರವಾರ ಸಂಜೆ ಆ ಹಜಾರದಲ್ಲೇ ವಿದ್ಯಾರ್ಥಿಗಳು ಟಿಕೆಟ್ ಇಲ್ಲದೆ ಜಾಝ್ ನುಡಿಸುತ್ತಾರೆ. ಮಾರ್ಕೆಟ್ಟಿನಿಂದ ಬಂದ ಮುದುಕಿಯರು ಚೀಲ ಕಾಲಬುಡಕ್ಕಿಟ್ಟುಕೊಂಡು ಕೇಳುತ್ತಿದ್ದರು. ಒಬ್ಬ ಹುಡುಗ ನಡುವೆ ತಾಳ ತಪ್ಪಿ, ಕೆಂಪಾಗಿ, ಮತ್ತೆ ಹಿಡಿದುಕೊಂಡ. ಯಾರೂ ನಗಲಿಲ್ಲ. ತಪ್ಪನ್ನು ಹತ್ತು ಜನರ ಎದುರಿಗೆ ಮಾಡಿ ಸರಿಪಡಿಸಿಕೊಳ್ಳುವ ಈ ಅವಕಾಶವೇ ಅರ್ಧ ವಿದ್ಯೆ ಎನ್ನಿಸಿತು. ನಮ್ಮಲ್ಲಿ ಪರೀಕ್ಷೆಯ ತಪ್ಪು ಪೇಪರಿನೊಳಗೆ ಕೊಳೆಯುತ್ತದೆ.

ಹಾಗೆಂದು ಎಲ್ಲವೂ ನಂದಗೋಕುಲವಲ್ಲ. ಅದೇ ಕಾಲೇಜು ಶಾಲಾ ಮಕ್ಕಳಿಗಾಗಿ ವಾರದ ಕೊನೆಗೆ ನಡೆಸುತ್ತಿದ್ದ ಕಿರಿಯರ ತರಗತಿಗಳನ್ನು ಖರ್ಚು ತಾಳದೆ 2024ರಲ್ಲಿ ನಿಲ್ಲಿಸಿತು. ಪಕ್ಕದ ಕಾರ್ಡಿಫ್ ವಿಶ್ವವಿದ್ಯಾನಿಲಯ 2025ರ ಜನವರಿಯಲ್ಲಿ ಸಂಗೀತ ವಿಭಾಗವನ್ನೂ ಮುಚ್ಚುವ ಪ್ರಸ್ತಾಪ ಇಟ್ಟಿತ್ತು. ನಾನಿದ್ದಾಗ ಅದರ ಗಲಾಟೆ ಇನ್ನೂ ತಣಿದಿರಲಿಲ್ಲ. ‘ಹಾಡಿನ ನಾಡು’ ಎಂದು ತನ್ನನ್ನು ಕರೆದುಕೊಳ್ಳುವ ದೇಶದಲ್ಲಿ ಇದು. ಖರ್ಚು ಕಡಿಮೆ ಮಾಡಲು ಹೊರಟವರ ಕತ್ತರಿ ಮೊದಲು ಯಾವ ಪೀರಿಯಡ್ಡಿನ ಮೇಲೆ ಬೀಳುತ್ತದೆಂದು ಶಾಲೆಯಲ್ಲಿ ಕೆಲಸ ಮಾಡಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಕಾಲೇಜಿನ ಸಂಗೀತ ಸಭಾಂಗಣಕ್ಕೆ ದೇಣಿಗೆ ಕೊಟ್ಟವರ ತಾಯಿಯ ಹೆಸರಿದೆ, ಡೋರಾ ಸ್ಟೌಟ್ಜ್‌ಕರ್ ಎಂದು. ಕೋಟೆಯ ಹಳೆಯ ಕುದುರೆಲಾಯದಲ್ಲಿರುವ ಭಾಗಕ್ಕೆ ನಟ ಆಂಟನಿ ಹಾಪ್ಕಿನ್ಸ್ ಹೆಸರು. ಆತ 1950ರ ದಶಕದಲ್ಲಿ ಇಲ್ಲೇ ಕಲಿತವನು, ಪೋರ್ಟ್ ಟಾಲ್ಬಟ್ ಊರಿನ ಬೇಕರಿಯವನ ಮಗ. ಇನ್ನೂರಕ್ಕೂ ಕಡಿಮೆ ಕುರ್ಚಿಗಳ ನಾಟಕಶಾಲೆಗೆ ರಿಚರ್ಡ್ ಬರ್ಟನ್ ಹೆಸರು. ಆತ ಇಲ್ಲಿ ಓದಿದವನೇ ಅಲ್ಲ. ಅವನಿಗೆ ನಟನೆ ಕಲಿಸಿದ್ದು ಯಾವ ಕಾಲೇಜೂ ಅಲ್ಲ, ಒಬ್ಬ ಹೈಸ್ಕೂಲು ಮೇಷ್ಟ್ರು. ಬರ್ಟನ್ ಎಂಬ ಹೆಸರೂ ಆ ಮೇಷ್ಟ್ರದೇ. ಹಾಗಾಗಿ ನಾಟಕಶಾಲೆಯ ಮೇಲಿರುವ ಹೆಸರು ಯಾರದು ಎಂದು ಕೇಳಿದರೆ ಅರ್ಧ ಉತ್ತರ ಒಬ್ಬ ಉಪಾಧ್ಯಾಯ.

ಈ ಕತೆಯನ್ನು ನಾನು ತಿಳಿದದ್ದು ‘ಮಿಸ್ಟರ್ ಬರ್ಟನ್’ ಎಂಬ ಸಿನಿಮಾದಿಂದ. ಮಾರ್ಕ್ ಇವಾನ್ಸ್ ನಿರ್ದೇಶನದ ಈ ಚಿತ್ರ 2025ರ ಏಪ್ರಿಲ್ ಮೊದಲ ವಾರದಲ್ಲಿ ಅಲ್ಲಿ ತೆರೆಕಂಡಿತು. ನಾವು ನೋಡಿದ್ದು ಚಾಪ್ಟರ್ ಎಂಬ ಕಲಾಕೇಂದ್ರದಲ್ಲಿ. ಅದು ಹಳೆಯ ಹೈಸ್ಕೂಲು ಕಟ್ಟಡ. ಕಾರಿಡಾರಿನಲ್ಲಿ ನಡೆಯುವಾಗ ಎಲ್ಲಿ ಗಂಟೆ ಹೊಡೆಯುತ್ತದೋ ಎಂದುಕೊಂಡೆ. ಮಗಳು ನನಗಾಗಿ ಕೆಳಗೆ ಅಕ್ಷರ ಬರುವ ಆಟಕ್ಕೇ ಟಿಕೆಟ್ ತೆಗೆದಿದ್ದಳು.

ಕತೆ ಹೀಗೆ. 1925ರಲ್ಲಿ ಗಣಿ ಕಾರ್ಮಿಕನ ಹನ್ನೆರಡನೆಯ ಮಗುವಾಗಿ ಹುಟ್ಟಿದ ರಿಚರ್ಡ್ ಜೆಂಕಿನ್ಸ್‌ಗೆ ಎರಡು ವರ್ಷವಾದಾಗ ತಾಯಿ ತೀರಿಕೊಳ್ಳುತ್ತಾಳೆ. ಅಪ್ಪನಿಗೆ ಕುಡಿತ. ಮದುವೆಯಾದ ಅಕ್ಕ ಸಿಸ್ ತಮ್ಮನನ್ನು ಪೋರ್ಟ್ ಟಾಲ್ಬಟ್‌ನ ತನ್ನ ಮನೆಗೆ ಕರೆದುಕೊಂಡು ಹೋಗಿ ಸಾಕುತ್ತಾಳೆ. ದುಡ್ಡಿಲ್ಲದೆ ಹುಡುಗ ಸ್ಕೂಲು ಬಿಟ್ಟು ಸಹಕಾರಿ ಅಂಗಡಿಯಲ್ಲಿ ಬಟ್ಟೆ ಮಾರಲು ನಿಲ್ಲುತ್ತಾನೆ. ಅವನು ಮತ್ತೆ ಸ್ಕೂಲಿಗೆ ಬರುವ ಹಾಗಾದಾಗ ಕೈಹಿಡಿದವರಲ್ಲಿ ಒಬ್ಬರು ಫಿಲಿಪ್ ಬರ್ಟನ್. ಮೇಷ್ಟ್ರೂ ಗಣಿ ಕಾರ್ಮಿಕನ ಮಗನೇ, ಕಾರ್ಡಿಫ್‌ನಲ್ಲಿ ಪದವಿ ಮಾಡಿದವರು, ರೇಡಿಯೋಗೆ ನಾಟಕ ಬರೆಯುತ್ತಿದ್ದವರು, ಮದುವೆಯಾಗದೆ ಬಾಡಿಗೆ ಕೋಣೆಯಲ್ಲಿದ್ದವರು. ಹುಡುಗನನ್ನು ತಾವಿದ್ದ ಮನೆಗೇ ಕರೆತಂದು ಓದಿಸುತ್ತಾರೆ. ದತ್ತು ತೆಗೆದುಕೊಳ್ಳಲು ಇಬ್ಬರ ನಡುವೆ 21 ವರ್ಷದ ಅಂತರ ಬೇಕಿತ್ತು. 20 ದಿನ ಕಡಿಮೆ ಬಿತ್ತು. ಹಾಗಾಗಿ 1943ರಲ್ಲಿ ಕಾನೂನಿನ ಪ್ರಕಾರ ಪೋಷಕರಾದರು, ಹುಡುಗ ಅವರ ಹೆಸರಿಟ್ಟುಕೊಂಡ. ಊರು ಸುಮ್ಮನಿರುತ್ತದೆಯೇ? ಒಂಟಿ ಗಂಡಸು, ಹರೆಯದ ಹುಡುಗ ಎಂದು ಗುಸುಗುಸು. ಚಿತ್ರ ಅದನ್ನು ಮುಚ್ಚಿಟ್ಟಿಲ್ಲ, ಕೆದಕಿ ರುಚಿ ನೋಡಿಯೂ ಇಲ್ಲ.

ಟೋಬಿ ಜೋನ್ಸ್ ಮಾಡಿರುವ ಮೇಷ್ಟ್ರ ಪಾತ್ರಕ್ಕೆ ನಾನು ಸೋತೆ. ಒಳಗೆ ಉಕ್ಕುವುದನ್ನೆಲ್ಲ ಕೋಟಿನ ಗುಂಡಿಯೊಳಗೆ ಬಿಗಿದಿಟ್ಟುಕೊಂಡ ಮನುಷ್ಯ. ನಮ್ಮ ಸ್ಟಾಫ್ ರೂಮಿನ ಮೂಲೆಯಲ್ಲಿ ಇಂಥವರೊಬ್ಬರು ಯಾವಾಗಲೂ ಇರುತ್ತಾರೆ. ಹ್ಯಾರಿ ಲಾಟಿ ಎಂಬ ಯುವಕ ರಿಚರ್ಡ್ ಆಗಿದ್ದಾನೆ. ಮೊದಲ ಭಾಗದ ಮುಗ್ಗರಿಸುವ ಹುಡುಗನ ದನಿಯಿಂದ ಕೊನೆಗೆ 1951ರಲ್ಲಿ ಸ್ಟ್ರಾಟ್‌ಫರ್ಡ್ ರಂಗದ ಮೇಲೆ ಷೇಕ್ಸ್‌ಪಿಯರ್ ನುಡಿಯುವ ದನಿಯವರೆಗೆ ಅವನು ನಡೆದು ಬರುವುದನ್ನು ಕಣ್ಣು ಮುಚ್ಚಿಕೊಂಡೂ ‘ನೋಡ’ಬಹುದು.

ಆದರೆ ಎರಡು ತಕರಾರು. ಒಂದು, ಕಲಿಕೆ ಬಹಳ ಬೇಗ ಆಗಿಬಿಡುತ್ತದೆ. ಮೇಷ್ಟ್ರು ಹುಡುಗನನ್ನು ಗುಡ್ಡಕ್ಕೆ ಕರೆದೊಯ್ದು ದೂರದಿಂದ ಕೂಗಿ ಹೇಳಿಸುತ್ತಾರೆ. ಕಿರುಚಬಾರದು, ಆದರೂ ಕೇಳಿಸಬೇಕು. ನಿಜ ಜೀವನದಲ್ಲೂ ನಡೆದದ್ದೇ. ಚಿತ್ರದಲ್ಲಿ ಅಂಥ ಕೆಲವು ದೃಶ್ಯ ಕಳೆಯುವುದರೊಳಗೆ ಹುಡುಗ ಸಿದ್ಧ. ‘ಶ’ಕಾರ ‘ಸ’ಕಾರ ಬೇರೆ ಮಾಡಿಸಲು ಒಂದು ವರ್ಷ ಹೆಣಗಿದವರನ್ನು ಕೇಳಿ. ಬೇಸರದ ಸಾವಿರ ಸಂಜೆಗಳನ್ನು ಸಿನಿಮಾದವರು ಯಾವತ್ತೂ ತೋರಿಸುವುದಿಲ್ಲ. ಎರಡನೆಯದು ಅಕ್ಕ ಸಿಸ್‌ನ ವಿಚಾರ. ಎರಡು ವರ್ಷದ ಕೂಸನ್ನು ಹೊತ್ತು ತಂದು, ತನ್ನ ಸಂಸಾರದ ನಡುವೆ, ಗಂಡನ ಗೊಣಗಾಟದ ನಡುವೆ ದೊಡ್ಡದು ಮಾಡಿದವಳು ಆಕೆ. ‘ನನಗಿಂತ ಅವನಿಗೆ ಒಳ್ಳೆಯದಾಗುವುದಾದರೆ ಹೋಗಲಿ’ ಎಂದು ಬಿಟ್ಟುಕೊಡುವ ಹೊತ್ತಿನಲ್ಲಿ ಆ ನಟಿಯ ಮುಖ ನೋಡಿ ನನಗೆ ಗಂಟಲು ಕಟ್ಟಿತು. ಕ್ಯಾಮೆರಾ ಬೇಗ ಮೇಷ್ಟ್ರ ಕಡೆ ತಿರುಗಿಬಿಟ್ಟಿತು. ಬಾಡಿಗೆಮನೆಯ ಯಜಮಾನಿ ಮಾ ಸ್ಮಿತ್ ಆಗಿ ಲೆಸ್ಲಿ ಮ್ಯಾನ್ವಿಲ್ ಇದ್ದಾಳೆ. ಇದ್ದಷ್ಟರಲ್ಲೇ ಒಂದು ಮನೆ ಹೇಗೆ ನಡೆಯುತ್ತದೆಂದು ತೋರಿಸಿಬಿಡುತ್ತಾಳೆ. ಹುಡುಗನಿಗೆ ಹೆಸರು ಕೊಟ್ಟವರ ಹೆಸರಿನಲ್ಲಿ ಚಿತ್ರ ಬಂತು. ಅನ್ನ ಹಾಕಿದವಳ ಹೆಸರಿನಲ್ಲಿ ಯಾರು ತೆಗೆಯುತ್ತಾರೋ.

ಇಷ್ಟೇ ಆಗಿದ್ದರೆ ಚಿತ್ರ ನೋಡಿ, ಐಸ್‌ಕ್ರೀಂ ತಿಂದು, ಮನೆಗೆ ಬಂದು ಮಲಗುತ್ತಿದ್ದೆ. ನಿದ್ದೆ ಕೆಡಿಸಿದ್ದು ಬೇರೆ. ಮೇಷ್ಟ್ರು ಹುಡುಗನ ದನಿಯನ್ನು ದೊಡ್ಡದು ಮಾಡಿದ್ದಷ್ಟೇ ಅಲ್ಲ, ಅವನ ಇಂಗ್ಲಿಷಿಗೆ ಅಂಟಿದ್ದ ದಕ್ಷಿಣ ವೇಲ್ಸಿನ ಗಣಿಯೂರಿನ ರಾಗವನ್ನು ತಿಕ್ಕಿ ತೊಳೆದರು. ಅದು ಆ ಕಾಲದ ಬಾಗಿಲಿನ ಬೀಗದ ಕೈ. ಅದಿಲ್ಲದೆ ಲಂಡನ್ ರಂಗಭೂಮಿ ನಾಯಕನ ಪಾತ್ರ ಕೊಡುತ್ತಿರಲಿಲ್ಲ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಹತ್ತೊಂಬತ್ತನೆಯ ಶತಮಾನದ ವೇಲ್ಸಿನ ಕೆಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ‘ವೆಲ್ಷ್ ನಾಟ್’ ಎಂಬ ಮರದ ತುಂಡು ನೇತುಹಾಕುತ್ತಿದ್ದರು. ದಿನದ ಕೊನೆಗೆ ಅದು ಯಾರ ಕೊರಳಲ್ಲಿದೆಯೋ ಅವರಿಗೆ ಏಟು. ಬರ್ಟನ್ ಮೇಷ್ಟ್ರು ಅಂಥವರಲ್ಲ, ಪ್ರೀತಿಯಿಂದ ತಿದ್ದಿದವರು. ನಾನೂ ಪ್ರೀತಿಯಿಂದಲೇ ತಿದ್ದಿದೆ ಎಂದು ಇಪ್ಪತ್ತೆಂಟು ವರ್ಷ ನಂಬಿಕೊಂಡಿದ್ದೆ.

1997ರ ಮಾತು. ಮಂಡ್ಯ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ತಾಲ್ಲೂಕು ಮಟ್ಟದ ನಾಟಕ ಸ್ಪರ್ಧೆಗೆ ಒನಕೆ ಓಬವ್ವನ ನಾಟಕ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಓಬವ್ವ ಮಾಡಿದ್ದೆ. ಅವಳ ಗಂಟಲು ಎಂಥದೆಂದರೆ ಮೈಕಿಲ್ಲದೆ ಆಟದ ಮೈದಾನದ ಆ ತುದಿಯ ಬೇವಿನ ಮರಕ್ಕೆ ಕೇಳಿಸಬೇಕು. ಕಣ್ಣೂ ಹಾಗೇ. ಒಂದೇ ಕುಂದು, ಹಕಾರವಿಲ್ಲ. ಅವಳ ಹೆಸರೇ ಹಕಾರದಿಂದ ಶುರುವಾಗುತ್ತಿತ್ತು. ಮನೆಯಲ್ಲಿ ಯಾರೂ ಅದನ್ನು ಸೇರಿಸಿ ಕರೆದವರಲ್ಲ. ನಾಟಕದ ತುಂಬ ಹೈದರಾಲಿ. ಅವಳಿಗೆ ‘ಐದರಾಲಿ’. ‘ಹೆಣ’ ‘ಎಣ’ವಾಯಿತು, ‘ಹೊಡೆಯುತ್ತೇನೆ’ ಎಂದರೆ ‘ಒಡೆಯುತ್ತೇನೆ’. ಹದಿನೈದು ದಿನ ತಿದ್ದಿದೆ. ಒಮ್ಮೊಮ್ಮೆ ಬೀಳುತ್ತಿತ್ತು, ಆವೇಶ ಬಂದೊಡನೆ ಹಾರಿಹೋಗುತ್ತಿತ್ತು. ಸ್ಪರ್ಧೆಗೆ ಆರು ದಿನವಿರುವಾಗ, ತೀರ್ಪುಗಾರರು ಉಚ್ಚಾರಣೆಗೆ ಅಂಕ ಕಳೆಯುತ್ತಾರೆಂದು ಹೆದರಿ, ಬ್ಯಾಂಕ್ ಮ್ಯಾನೇಜರರ ಮಗಳನ್ನು ಓಬವ್ವ ಮಾಡಿದೆ. ಇವಳನ್ನು ಕಿಂಡಿಯಲ್ಲಿ ನುಸುಳಿ ಬಂದು ಒನಕೆಯ ಏಟಿಗೆ ಬೀಳುವ ಸೈನಿಕರಲ್ಲಿ ಸೇರಿಸಿದೆ. ಆ ಪಾತ್ರಕ್ಕೆ ಮಾತಿಲ್ಲ. ನಮಗೆ ಎರಡನೆಯ ಬಹುಮಾನ ಬಂತು. ಹುಡುಗಿ ಒಂದು ಮಾತೂ ಆಡದೆ ಚೆನ್ನಾಗಿ ಸತ್ತಳು. ಆಮೇಲಿನ ಎರಡು ವರ್ಷ ಸ್ಕೂಲ್ ಡೇಗೆ ಹೆಸರು ಕೊಡಲೇ ಇಲ್ಲ.

ಈಗ ಅನ್ನಿಸುವುದೇನೆಂದರೆ, ಓಬವ್ವ ಯಾರು? ಕೋಟೆಯ ಕಾವಲುಗಾರ, ಕಹಳೆ ಊದುವವನ ಹೆಂಡತಿ. ಗಂಡನಿಗೆ ಉಣ್ಣಲಿಟ್ಟು ನೀರು ತರಲು ಹೋದವಳು. ಆಕೆ ಪಠ್ಯಪುಸ್ತಕದ ಕನ್ನಡ ಮಾತಾಡಿದ್ದಳೆಂದು ನನಗೆ ಯಾರು ಹೇಳಿದ್ದರು?

ಮೇ ತಿಂಗಳಲ್ಲಿ ಗೋಡೆಯಾಚೆಯ ಹುಡುಗಿಯ ತಂಡದ ನಾಟಕ ಬಂತು. ಕೊನೆಯ ವರ್ಷದವರು ರಿಚರ್ಡ್ ಬರ್ಟನ್ ಕಂಪನಿ ಎಂಬ ಹೆಸರಿನಲ್ಲೇ ನಾಟಕ ಆಡುತ್ತಾರೆ. ನಾಟಕದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಲಿಯುವ ಮಕ್ಕಳ ಉತ್ತರಪತ್ರಿಕೆಯನ್ನು ಬೀದಿಯಲ್ಲಿ ನಿಂತು ಓದಬಾರದು. ಆದರೆ ಉತ್ತರಪತ್ರಿಕೆ ಹೇಗಿತ್ತೆಂದು ಹೇಳಬಹುದು. ರಂಗಸಜ್ಜಿಕೆ, ಉಡುಪು, ಬೆಳಕು ಎಲ್ಲ ಅದೇ ಕಾಲೇಜಿನ ಬೇರೆ ಬೇರೆ ವಿಭಾಗದ ವಿದ್ಯಾರ್ಥಿಗಳದ್ದೇ. ಕಪ್ಪು ಬಟ್ಟೆ ತೊಟ್ಟ ಒಬ್ಬ ಹುಡುಗಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಸದ್ದಿಲ್ಲದೆ ಇಡೀ ನಾಟಕವನ್ನು ನಡೆಸುತ್ತಿದ್ದಳು. ಮದುವೆಮನೆಯಲ್ಲಿ ಉಗ್ರಾಣದ ಕೀಲಿ ಹಿಡಿದವಳ ಗತ್ತು. ಒಂದು ಸೀರೆ ಪಿನ್ನು ಸಿಗದೆ ನಮ್ಮ ಸ್ಕೂಲ್ ಡೇ ಅರ್ಧ ಗಂಟೆ ತಡವಾದದ್ದು ನೆನೆದು ಹೊಟ್ಟೆ ಉರಿಯಿತು.

ನಟನೆಯ ಮಾತಿಗೆ ಬಂದರೆ ಅಷ್ಟು ತೃಪ್ತಿಯಾಗಲಿಲ್ಲ. ಹುಡುಗರು ನೋಡಲು ಚೆಂದ, ನಿಲ್ಲುವುದು ನಡೆಯುವುದು ಪಳಗಿದ ರೀತಿಯಲ್ಲಿ. ಆದರೆ ಮಾತು ತುಟಿಯಲ್ಲೇ ನಿಂತುಬಿಡುತ್ತಿತ್ತು. ಪಕ್ಕದಲ್ಲೇ ಕ್ಯಾಮೆರಾ ಇದೆಯೇನೋ ಎಂಬಂತೆ ಪಿಸುಗುಟ್ಟುವ ನಟನೆ. ಇಷ್ಟು ಪುಟ್ಟ ನಾಟಕಶಾಲೆಯಲ್ಲಿ ಹಿಂದಿನ ಸಾಲಿಗೆ ಕೇಳಿಸದಿದ್ದರೆ ಹೇಗೆ? ಬಾಗಿಲ ಮೇಲಿನ ಹೆಸರು ನೆನೆದು, ಇವರನ್ನೂ ಯಾರಾದರೂ ಗುಡ್ಡಕ್ಕೆ ಕರೆದೊಯ್ಯಬಾರದೇ ಎಂದುಕೊಂಡೆ. ಇಪ್ಪತ್ತೊಂದರ ಹುಡುಗನ ತಲೆಗೆ ಬಿಳಿ ಬಳಿದು ಮುದುಕ ಮಾಡಿದ್ದರು. ಬೆನ್ನು ಬಾಗಿಸಿದರೆ ಮುಪ್ಪು ಬಂತೆಂಬ ನಂಬಿಕೆ ಅಲ್ಲೂ ಇದೆ ಎಂದು ಸಮಾಧಾನವಾಯಿತು.

ನಮ್ಮ ಹುಡುಗಿ ತಾಯಿಯ ಪಾತ್ರ ಮಾಡಿದ್ದಳು. ತನ್ನ ಊರಿನ ರಾಗದ ಇಂಗ್ಲಿಷಿನಲ್ಲೇ. ನಿಜ ಹೇಳುತ್ತೇನೆ, ಅವಳ ಮಾತು ನನಗೆ ಅರ್ಧದಷ್ಟು ಅರ್ಥವಾಗಲಿಲ್ಲ. ಆದರೆ ಒಂದು ಶಬ್ದವೂ ಕೇಳಿಸದೆ ಹೋಗಲಿಲ್ಲ. ಮಗ ಮನೆ ಬಿಟ್ಟು ಹೊರಡುವಾಗ ಆಕೆ ಬಟ್ಟೆ ಮಡಿಸುತ್ತಾ ಒಂದೇ ಮಾತನ್ನು ಮೂರು ಸಲ ಹೇಳುತ್ತಾಳೆ. ಮೊದಲ ಸಲ ಅಂಗಿಗೆ ಹೇಳಿದ ಹಾಗಿತ್ತು, ಎರಡನೆಯ ಸಲ ಮಗನಿಗೆ, ಮೂರನೆಯದು ತನಗೇ. ನನ್ನ ಪಕ್ಕದ ಹೆಂಗಸು ಕೈಚೀಲದಿಂದ ಕರವಸ್ತ್ರ ತೆಗೆದಳು.

ಮಾರನೆಯ ದಿನ ಹಿತ್ತಲಲ್ಲಿ “ನಿಜವಾದ ಅಭಿಪ್ರಾಯ ಹೇಳಿ ಮಿಸ್” ಎಂದಳು. ಹೇಳಿದೆ, ಪಿಸುಗುಟ್ಟುವವರ ವಿಚಾರವನ್ನೂ ಸೇರಿಸಿ. ನಕ್ಕಳು. ನಿನ್ನ ಉಚ್ಚಾರವನ್ನು ಯಾರೂ ತಿದ್ದಲಿಲ್ಲವೇ ಎಂದು ಕೇಳಿದೆ. ಲಂಡನ್ನಿನ ಶಿಷ್ಟ ಇಂಗ್ಲಿಷು, ಅಮೆರಿಕದ್ದು, ಐರಿಷರದ್ದು ಎಲ್ಲ ಕಲಿಸುತ್ತಾರೆ, ಬೇಕಾದಾಗ ತೊಟ್ಟುಕೊಳ್ಳಬೇಕು, ಮನೆಯದ್ದನ್ನು ಬಿಸಾಕಬೇಕಾಗಿಲ್ಲ, ಅದು ಬೀರುವಿನಲ್ಲಿ ಇನ್ನೊಂದು ಕೋಟು ಇದ್ದ ಹಾಗೆ ಎಂದಳು. ಮೊದಲ ತಿಂಗಳು ಅದನ್ನು ನಂಬದೆ ತಾನೇ ತನ್ನ ರಾಗವನ್ನು ಬಚ್ಚಿಟ್ಟುಕೊಳ್ಳುತ್ತಿದ್ದಳಂತೆ. ಅವಳಿಗೆ ನನ್ನ ಓಬವ್ವನ ಕತೆ ಹೇಳಿದೆ. ನನ್ನ ಇಂಗ್ಲಿಷಿನಲ್ಲಿ ಹಕಾರದ ಸಮಸ್ಯೆ ವಿವರಿಸುವುದು ಸುಲಭವಾಗಿರಲಿಲ್ಲ. ಅವಳಿಗೆ ಕೂಡಲೇ ತಿಳಿಯಿತು. ಒಂದೇ ಪ್ರಶ್ನೆ ಕೇಳಿದಳು: “ಆಮೇಲೆ ಅವಳ ಜೊತೆ ಮಾತಾಡಿದಿರಾ?”

ಮಾತಾಡಿದ್ದೆ, ಹಿಂದಿನ ವರ್ಷ. ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಿದ್ದಳು. ಅದೇ ಕಣ್ಣು. ಫಾರಂ ತುಂಬಿಸುತ್ತಾ, ಏನಾದರೂ ಮಾತಾಡಬೇಕಲ್ಲ ಎಂದು, “ಓಬವ್ವನ ನಾಟಕ ಜ್ಞಾಪಕ ಇದೆಯೇನೇ?” ಎಂದಿದ್ದೆ. “ಊಂ ಮಿಸ್, ನಾನು ಎಣ ಆಗಿದ್ನಲ್ಲಾ” ಎಂದು ನಕ್ಕಳು. ನಾನೂ ನಕ್ಕು ಫಾರಂಗೆ ಸೀಲು ಒತ್ತಿದ್ದೆ. ಇದನ್ನು ಆ ಹುಡುಗಿಗೆ ಹೇಳಲಿಲ್ಲ. ಒಳಗೆ ಹಾಲು ಉಕ್ಕುತ್ತಿದೆ ಎಂದು ಎದ್ದುಬಂದೆ. ಹಾಲು ಒಲೆಯ ಮೇಲೆ ಇಟ್ಟೇ ಇರಲಿಲ್ಲ.

ಬರ್ಟನ್ ಮ���ಷ್ಟ್ರ ಬಗ್ಗೆ ಆಮೇಲೆ ಇನ್ನಷ್ಟು ಓದಿದೆ. ಮುಂದೆ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನಲ್ಲಿ ನಾಟಕಶಾಲೆಯೊಂದನ್ನು ನಡೆಸಿದರು. ಶಿಷ್ಯ 1984ರಲ್ಲಿ 58ನೆಯ ವಯಸ್ಸಿಗೇ ತೀರಿಕೊಂಡ. ಏಳು ಸಲ ಆಸ್ಕರ್‌ಗೆ ಹೆಸರು ಬಂದು ಒಮ್ಮೆಯೂ ಸಿಗಲಿಲ್ಲ. ಮೇಷ್ಟ್ರು 1995ರವರೆಗೆ ಬದುಕಿದ್ದರು. ತೊಂಬತ್ತು ವರ್ಷ. ತಾವು ತಿದ್ದಿದ ಆ ದನಿಯನ್ನು ಕೊನೆಗಾಲದಲ್ಲಿ ರೆಕಾರ್ಡಿನಲ್ಲಿ ಕೇಳುತ್ತಿದ್ದರೋ ಏನೋ. ಕೇಳಿದ್ದರೆ ಅದರಲ್ಲಿ ಏನನ್ನು ಹುಡುಕುತ್ತಿದ್ದರು ಎಂದು ಯೋಚಿಸುತ್ತೇನೆ. ರಿಚರ್ಡ್ ಮನೆಯವರ ಜೊತೆ ವೆಲ್ಷ್ ಆಡುವುದನ್ನು ಬಿಟ್ಟಿರಲಿಲ್ಲ ಎಂಬುದು ನನಗೆ ಸ್ವಲ್ಪ ನೆಮ್ಮದಿ ಕೊಟ್ಟ ಸಂಗತಿ.

ನಾನು ಹಕಾರ ಕಲಿಸುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಬರೆಯುವಾಗ ‘ಆಲು’ ಎಂದು ಬರೆದರೆ ಅಂಕ ಹೋಗುತ್ತದೆ. ಇಂಟರ್‌ವ್ಯೂ ಕೋಣೆಯಲ್ಲಿ ನಗುವವರು ಇರುತ್ತಾರೆ. ಆ ಕೋಟನ್ನು ಹೊಲಿದುಕೊಡುವುದು ನನ್ನ ಕೆಲಸ. ಮೈ ಮೇಲಿನದ್ದನ್ನು ಕಿತ್ತುಹಾಕಿದ್ದು ನನ್ನ ಕೆಲಸವಾಗಿರಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾಯಿತು. ಆ ಹುಡುಗಿಯ ಮಗಳು ಈಗ ಒಂಬತ್ತನೆಯ ತರಗತಿ. ಒಂದು ಮಧ್ಯಾಹ್ನ ಗದ್ಯಪಾಠದ ಸಂಭಾಷಣೆಯನ್ನು ಎದ್ದು ನಿಂತು ಓದಲು ಹೇಳಿದೆ. ಎರಡನೆಯ ಸಾಲಿನಲ್ಲೇ ಹಕಾರ ಹಾರಿಹೋಯಿತು. ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಕಡೆಯ ಬೆಂಚಿನವರ ಕಡೆ ತಿರುಗಿ, “ಅಲ್ಲಿಗೆ ಕೇಳಿಸ್ತಾ ಇದೆಯೇನ್ರೋ?” ಎಂದೆ.

“ಕೇಳಿಸ್ತದೆ ಮಿಸ್” ಅಂದರು.

“ಹೂಂ, ಓದು” ಎಂದೆ.